ಮೋಸಸಾರ್‌ನ ಕಾಲುಗಳು

ಮಾದನಾಯಕನಹಳ್ಳಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಮೋಡ ಕವಿದಿತ್ತು. ರಸ್ತೆ ಪಕ್ಕದ ಶೆಡ್ಡಿನ ಮುಂದೆ ಲಾರಿಯಷ್ಟು ಉದ್ದದ ಫೈಬರ್ ಪ್ರಾಣಿಯೊಂದು ಬಾಯಿ ತೆರೆದು ಮಲಗಿತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ ತಲೆ ಕಂಡೊಡನೆ ಗುರುತು ಸಿಕ್ಕಿತು. ಅದು ಮೋಸಸಾರ್, ಎಂದೋ ಅಳಿದುಹೋದ ಕಡಲ ಬೇಟೆಗಾರ. ಆದರೆ ಇದಕ್ಕೆ ಉಗುರುಗಳಿದ್ದ ನಾಲ್ಕು ದಪ್ಪ ಕಾಲುಗಳಿದ್ದವು.

"ಡೈನೋಸಾರ್ ಅಂದ್ಕೊಂಡು ಕಾಲು ಮಾಡ್ಬಿಟ್ವಿ ಸಾರ್. ಈಗ ಆರ್ಡರ್ ಕೊಟ್ಟ ಪಾರ್ಕ್‌ನೋರು ಕಾಲು ಬೇಡ ಅಂತಾವ್ರೆ" ಎಂದರು ಶೆಡ್ಡಿನ ಮಾಲೀಕರು.

ನಾನು ಉತ್ಸಾಹದಿಂದ ವಿವರಿಸಿದೆ. ಇದು ಡೈನೋಸಾರ್ ಗುಂಪಿನದಲ್ಲ, ಉಡ ಮತ್ತು ಹಾವುಗಳ ಹತ್ತಿರದ ಬಳಗ. ಕಾಲಿನ ಜಾಗದಲ್ಲಿ ದೋಣಿಯ ಹುಟ್ಟಿನಂಥ ಈಜುರೆಕ್ಕೆಗಳಿದ್ದವು.

ಪ್ರಾಣಿಯ ಹಲ್ಲುಗಳನ್ನು ಉಜ್ಜುತ್ತಿದ್ದ ಹೆಂಗಸು ಕೈ ನಿಲ್ಲಿಸಿ ಕೇಳುತ್ತಿದ್ದಳು. ರಾಯಚೂರು ಕಡೆಯ ಮಲ್ಲಮ್ಮ. ಆ ಕಾಲುಗಳನ್ನು ಮಾಡಿದವನು ಅವಳ ಗಂಡ, ಅದೇ ಅವನ ಕೊನೆಯ ಕೆಲಸ, ಹೋದ ತಿಂಗಳು ತೀರಿಕೊಂಡ ಎಂದು ಮಾಲೀಕರು ತಗ್ಗಿದ ದನಿಯಲ್ಲಿ ಹೇಳಿದರು.

"ಈ ಜಾತಿಯೊಳಗ ಒಂದಕ್ಕರ ಕಾಲು ಇದ್ದಿದ್ದಿಲ್ಲೇನ್ರಿ ಸರ?" ಎಂದಳು ಅವಳು.

"ಇದರ ಪೂರ್ವಜರಿಗೆ ಇದ್ದವಮ್ಮ. ಆದರೆ ಅವು ಸಣ್ಣ ಪ್ರಾಣಿಗಳು. ಇಷ್ಟು ದೊಡ್ಡದಕ್ಕೆ ಇರಲಿಲ್ಲ."

"ಹಂಗಾದ್ರೆ ಕುಯ್ಯೋದೇ ಅಲ್ವಾ ಸಾರ್?" ಎಂದು ಮಾಲೀಕರು ನನ್ನನ್ನೇ ಕೇಳಿದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೌದೆಂದು ತಲೆಯಾಡಿಸಿದೆ.

ಕತ್ತರಿಸುವ ಯಂತ್ರ ಕಿರುಚತೊಡಗಿತು. ಬಿಳಿ ಧೂಳು ಎದ್ದಿತು. ಮಲ್ಲಮ್ಮ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಮುಂದೆ ಬಂದಳು. ಬೇರೆಯಾದ ಕಾಲು ನೆಲಕ್ಕೆ ಬೀಳದಂತೆ ಎರಡೂ ತೋಳುಗಳಿಂದ ತಬ್ಬಿ ಹಿಡಿದುಕೊಂಡಳು.