ಮೂರಂತಸ್ತಿನ ಕೇಕು, ಐದು ಗ್ರೇನ್ ಕ್ವಿನೈನ್

ಚಳಿ ಮೊದಲು ಹಿಡಿದದ್ದು ಹಿರಿಯೂರಿನ ಹತ್ತಿರ, ನಡುಮಧ್ಯಾಹ್ನ, ಉರಿಬಿಸಿಲಿನಲ್ಲಿ. ಕಣಿವೆಯಲ್ಲಿ ಅಣೆಕಟ್ಟೆಯ ಕೆಲಸಕ್ಕೆ ಬಂದ ಕೂಲಿಯವರಿಗೆ ಮಾರಲೆಂದು ಮಾಡದಕೆರೆಯಿಂದ ಕುರಿ ಹೊಡೆದುಕೊಂಡು ಹೋಗಿದ್ದೆ. ನಮ್ಮ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈ ಮೇಲೆ ಹಾಕಿ, ಅದರಡಿ ಬೆರಳು ಹಿಡಿದು ತಿಳಿಸುತ್ತೇವೆ. ಅಂದು ವಲ್ಲಿಯಡಿ ನನ್ನ ಬೆರಳುಗಳು ತಾವಾಗಿಯೇ ನಡುಗತೊಡಗಿದವು. ಎದುರಿನವನು ಕೈಬಿಟ್ಟು ನನ್ನ ಮುಖ ನೋಡಿದ.

ಹಲ್ಲು ಕಟಕಟ ಎನ್ನುತ್ತಿತ್ತು.

ಚಳಿಯ ಹಿಂದೆ ಸುಡುವ ಜ್ವರ. ಜ್ವರದ ಹಿಂದೆ ಬೆವರು. ಆಮೇಲೆ ಏನೂ ಆಗಿಲ್ಲವೆಂಬಂತೆ ಒಂದು ದಿನ. ಅದರ ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಚಳಿ. ಹತ್ತು ದಿನದಲ್ಲಿ ಪಂಚೆ ಸೊಂಟದಲ್ಲಿ ನಿಲ್ಲದಂತಾಯಿತು. ಹೆಂಡತಿ ತಿಪ್ಪಮ್ಮ ಸುದ್ದಿ ತಿಳಿದು ಬಂದು, ನನ್ನನ್ನು ಗಾಡಿಯಲ್ಲಿ ಮಲಗಿಸಿಕೊಂಡು ದುರ್ಗಕ್ಕೆ ತಂದಳು. ಅವಳ ಅಕ್ಕನ ಮನೆಯಲ್ಲಿ ಇಳಿದೆವು.

ಆಸ್ಪತ್ರೆಯ ಡಾಕ್ಟರು ಪಕ್ಕೆಯ ಕೆಳಗೆ ಒತ್ತಿ ನೋಡಿ, ಮಲೇರಿಯಾ, ಸ್ಪ್ಲೀನ್, ಅಂದರೆ ಗುಲ್ಮ, ಊದಿದೆ ಎಂದರು. ಐದೈದು ಗ್ರೇನ್ ತೂಕದ ಪುಡಿಯ ಪೊಟ್ಟಣಗಳನ್ನು ಕೈಗಿಟ್ಟು, "ಬೆಳಿಗ್ಗೆ ಐದು ಗ್ರೇನ್ ಕ್ವಿನೈನ್, ಸಂಜೆ ಐದು ಗ್ರೇನ್. ಹೆಚ್ಚೂ ಬೇಡ, ಕಮ್ಮಿಯೂ ಬೇಡ" ಎಂದರು.

ನಾನು ಮಾಡಿದ ತಪ್ಪನ್ನು ಇಲ್ಲಿ ಬಿಚ್ಚಿ ಹೇಳುತ್ತೇನೆ, ಓದುವವರು ಮಾಡದಿರಲಿ ಎಂದು. ಮೂರು ಕುರಿಯಿಂದ ಶುರುಮಾಡಿ ದೊಡ್ಡ ಮಂದೆ ಕಟ್ಟಿದವನು ನಾನು. ಯಾರೇ ಆಗಲಿ, ಮೊದಲು ಹೇಳಿದ ಸಂಖ್ಯೆಯನ್ನು ನಂಬಿ ಗೊತ್ತಿಲ್ಲ. ಸರ್ಕಾರದ ಔಷಧಿಯಲ್ಲವೆ, ಕೈ ಬಿಗಿಹಿಡಿದೇ ಕೊಡುತ್ತಾರೆ, ಐದು ಎಂದರೆ ಹತ್ತಕ್ಕೆ ಜಾಗವಿದೆ ಎಂದುಕೊಂಡೆ. ಪೊಟ್ಟಣ ನೀರಿಗೆ ಬಿತ್ತೆಂದು ಕಾಂಪೌಂಡರಿಗೆ ಸುಳ್ಳು ಹೇಳಿ ಇನ್ನಷ್ಟು ತಂದೆ. ಹೊತ್ತಿಗೆ ಹತ್ತರಂತೆ ನುಂಗಿದೆ. ಮಾರನೆಯ ದಿನ ಹದಿನೈದು.

"ಔಷ್ದಿಗೂ ಚೌಕಾಸಿ ಮಾಡ್ತೀರಲ್ರೀ. ಡಾಕ್ಟ್ರೇನು ಕುರಿ ಮಾರಾಕೆ ಕುಂತಾರಾ?" ಎಂದಳು ತಿಪ್ಪಮ್ಮ.

ನನಗೆ ನೆಟ್ಟಗೆ ಕೇಳಿಸಿದ ಅವಳ ಮಾತು ಅದೇ ಕೊನೆ.

ಮೊದಲು ಕಿವಿಯೊಳಗೆ ಜೀರುಂಡೆ ಕೂಗಿದಂತಾಯಿತು. ಮೂರನೆಯ ಬೆಳಿಗ್ಗೆ ತಿಪ್ಪಮ್ಮನ ತುಟಿ ಆಡುತ್ತಿತ್ತು, ಮಾತಿರಲಿಲ್ಲ. ಬೆಲೆಗೆ ಬೆರಳು ಸಾಕು, ಆದರೆ ಮಂದೆಯಲ್ಲಿ ಯಾವ ಕುರಿ ಕೆಮ್ಮಿತು ಎಂದು ಕಿವಿಯೇ ಹೇಳಬೇಕು. ಅದು ಹೋದರೆ ರೋಗದ ಕುರಿಯನ್ನು ನಾನೇ ಕೊಂಡು ಮನೆಗೆ ತರುತ್ತೇನೆ. ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು: ಕ್ವಿನೈನ್ ಹೆಚ್ಚಾಗಿ ಹೀಗಾಗಿದೆ. ನಾಲ್ಕು ದಿನ ನಿಲ್ಲಿಸಿ. ಕಿವಿ ಮರಳಬಹುದು. ಆಮೇಲೆ ಐದೇ ಗ್ರೇನ್, ಬಿಟ್ಟರೆ ಜೀವಕ್ಕೆ ಅಪಾಯ.

'ಮರಳಬಹುದು' ಎಂಬುದನ್ನು ಮತ್ತೆ ಮತ್ತೆ ಓದಿದೆ. ಇನ್ನು ಆ ಪುಡಿಯನ್ನು ಮುಟ್ಟುವುದಿಲ್ಲ ಎಂದು ಒಳಗೇ ತೀರ್ಮಾನಿಸಿದೆ.

ಆ ವಾರ ಊರ ಹೊರಗಿನ ಬಯಲಿಗೆ ಬಯಾಸ್ಕೋಪಿನ ಡೇರೆ ಬಂದಿತ್ತು. ಜ್ವರವಿಲ್ಲದ ದಿನ ನೋಡಿ ತಿಪ್ಪಮ್ಮ ನನ್ನನ್ನು ಕರೆದೊಯ್ದಳು. ಕಿವುಡನಿಗೆ ಯಾತಕ್ಕೆ ಎಂದು ಗೊಣಗುತ್ತಲೇ ಹೋದೆ. ಬಿಳಿ ಬಟ್ಟೆಯ ಮೇಲೆ ಇಂಗ್ಲೆಂಡಿನ ಬೀದಿ. ಡೊಳ್ಳುಹೊಟ್ಟೆಯ ಬೇಕರಿಯವನೊಬ್ಬ ಮೂರಂತಸ್ತಿನ ಕೇಕನ್ನು ತಲೆಯ ಮೇಲಿಟ್ಟುಕೊಂಡು, ಸೈಕಲ್ಲು ಹತ್ತಿ ಮದುವೆಮನೆಗೆ ಹೊರಟಿದ್ದಾನೆ. ಪೊಲೀಸಿನವನು ಅಡ್ಡ, ಏಣಿ ಅಡ್ಡ, ಬಾತುಕೋಳಿಗಳ ಸಾಲು ಅಡ್ಡ. ಕೇಕು ವಾಲುತ್ತದೆ, ಬೀಳುವುದಿಲ್ಲ. ಎಲ್ಲವನ್ನೂ ದಾಟಿ, ಮದುವೆಮನೆಯ ಕುರ್ಚಿಯ ಮೇಲೆ ಅದನ್ನಿಟ್ಟು, ಬೆವರು ಒರೆಸಿಕೊಂಡು, ಉಸ್ಸೆಂದು ಅದೇ ಕುರ್ಚಿಯಲ್ಲಿ ಕೂರುತ್ತಾನೆ. ಮದುಮಗಳು ಅತ್ತಾಳೆಂದುಕೊಂಡರೆ, ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಅಪ್ಪಚ್ಚಿಯಾದ ಕೇಕನ್ನೇ ಬಾಚಿ ಮೊದಲ ತುತ್ತನ್ನು ಅವನ ಬಾಯಿಗಿಡುತ್ತಾಳೆ.

ನಾನೂ ನಕ್ಕೆ. ಮೂಕಚಿತ್ರವಲ್ಲವೆ, ತೆರೆಯ ಮೇಲಿನವರ ಮಾತು ಆ ಡೇರೆಯಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಕಿವಿ ಹೋದಮೇಲೆ ಮೊದಲ ಸಲ ನಾಲ್ಕು ಜನರಿಗೆ ಸಮನಾಗಿ ಕೂತಿದ್ದೆ.

ಒಂದು ದಿನ ಬಿಟ್ಟು ಮತ್ತೆ ಹೋದೆವು. ಕಂಡದ್ದನ್ನೇ ಏನು ಕಾಣುವುದು ಎನ್ನುವವರಿಗೆ ನನ್ನ ಬುದ್ಧಿಮಾತು ಇಷ್ಟು: ಮೊದಲ ಸಲ ಕೇಕು ಬಿದ್ದೀತೆಂಬ ದಿಗಿಲಿನಲ್ಲಿ ಏನನ್ನೂ ನೋಡಿರುವುದಿಲ್ಲ. ಎರಡನೆಯ ಸಲ ಬೀದಿ ಕಾಣುತ್ತದೆ. ಕಿಟಕಿಯಲ್ಲಿ ಕೈ ಬಾಯಿಗಿಟ್ಟು ನಿಂತ ಮುದುಕಿ, ಸೈಕಲ್ಲಿಗಿಂತ ಮೊದಲೇ ಮದುವೆಮನೆ ಮುಟ್ಟಿ ಬಾಲ ಆಡಿಸುವ ನಾಯಿ. ಕೊನೆ ಗೊತ್ತಿರುವುದರಿಂದ ಎದೆ ಹಗುರವಾಗಿರುತ್ತದೆ. ನನ್ನ ಕೊನೆ ನನಗೆ ಗೊತ್ತಿರಲಿಲ್ಲ. ಅದಕ್ಕೇ ಆ ಕಾಲು ಗಂಟೆ ಅಷ್ಟು ಬೇಕಾಯಿತು.

ಮಾರನೆಯ ದಿನದ ಚಳಿಯಲ್ಲಿ ಪ್ರಜ್ಞೆ ತಪ್ಪಿತು.

ಕಣ್ಣು ಬಿಟ್ಟಾಗ ತಿಪ್ಪಮ್ಮ ಪೊಟ್ಟಣ ಹಿಡಿದು ಕೂತಿದ್ದಳು. ಡಾಕ್ಟರು ಹೇಳಿದ ನಾಲ್ಕು ದಿನ ಕಳೆದಿತ್ತು. ನಾನು ಕಿವಿ ತೋರಿಸಿ ತಲೆಯಾಡಿಸಿದೆ. ಅವಳು ಗೋಡೆಯ ಗೂಟದಿಂದ ನನ್ನ ವಲ್ಲಿ ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಕಿದಳು. ವಲ್ಲಿಯಡಿ ನನ್ನ ಐದೂ ಬೆರಳು ಹಿಡಿದಳು.

ಐದು.

ನಾನು ಅವಳ ಎರಡು ಬೆರಳು ಹಿಡಿದೆ. ಅವಳು ಐದು. ನಾನು ಮೂರು. ಅವಳು ಮತ್ತೆ ಐದು. ಇಷ್ಟು ವರ್ಷದ ವ್ಯಾಪಾರದಲ್ಲಿ ಒಂದು ಬೆರಳೂ ಇಳಿಯದ ಕೈ ಕಂಡದ್ದು ಅಂದೇ. ಹಿಡಿದ ಬೆರಳು ಬಿಡದೆಯೇ ಅವಳು ಇನ್ನೊಂದು ಕೈಯಲ್ಲಿ ಪೊಟ್ಟಣ ಬಿಚ್ಚಿದಳು.

ಬಾಯಿ ತೆರೆದೆ. ಕಹಿ ನಾಲಗೆಯ ಬುಡಕ್ಕೆ ಇಳಿಯಿತು.

ಮುಂದಿನ ಚಳಿ ಅರ್ಧ ಗಂಟೆಯಲ್ಲಿ ಬಿಟ್ಟಿತು. ಅದರ ಮುಂದಿನದು ಬರಲೇ ಇಲ್ಲ. ಕಿವಿ ಮಾತ್ರ ಹಾಗೇ ಇತ್ತು. ಡೇರೆ ಕೀಳುವ ಹಿಂದಿನ ದಿನ ಮೂರನೆಯ ಸಲ ಹೋದೆವು. ಈ ಸಲ ನಾನು ತೆರೆಯನ್ನಲ್ಲ, ತಿಪ್ಪಮ್ಮನನ್ನು ನೋಡುತ್ತಿದ್ದೆ. ಕೊನೆ ಗೊತ್ತಿದ್ದರೂ ಕೇಕು ವಾಲಿದಾಗಲೆಲ್ಲ ಅವಳ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಬಾತುಕೋಳಿಗಳು ದಾಟುವ ಹೊತ್ತಿಗೆ ಬೆನ್ನ ಹಿಂದೆ ದೂರದಲ್ಲೆಲ್ಲೋ ಟರಟರ ಎಂದಿತು. ತಿರುಗಿದೆ. ಬಯಾಸ್ಕೋಪಿನ ಯಂತ್ರ.

"ಮಿಷನ್ನು ಟರಟರ ಅಂತೈತಲ್ಲೇ" ಎಂದೆ ಅವಳಿಗೆ.

ಹಿಂದಿನ ಸಾಲಿನಿಂದ ಯಾರೋ ಗದರಿದರು: "ಏನಪ್ಪ, ಮೆತ್ತಗೆ ಮಾತಾಡು. ನಾವೇನು ಕಿವುಡ್ರಾ?"

ಅದೂ ಕೇಳಿಸಿತು. ಎದ್ದು ಅವರಿಗೆ ಕೈಮುಗಿದು ಕೂತೆ.

ಎಡಗಿವಿ ಇನ್ನೂ ಮಂದ. ಪೂರ್ತಿ ಬಂದೀತೆಂದು ಡಾಕ್ಟರೂ ಹೇಳುವುದಿಲ್ಲ, ನಾನೂ ಒತ್ತಾಯಿಸುವುದಿಲ್ಲ. ಬಲಗಿವಿಗೆ ಕುರಿಯ ಕೆಮ್ಮು ಸಿಗುತ್ತದೆ, ಅಷ್ಟು ಸಾಕು. ಔಷಧಿಯ ಹೊತ್ತಾದಾಗ ತಿಪ್ಪಮ್ಮ ಈಗ ಬಾಯಲ್ಲೇ ಕೂಗಬಹುದು. ಬೇಡ ಎಂದಿದ್ದೇನೆ. ವಲ್ಲಿ ಹಾಕಿ ಐದು ಬೆರಳು ಹಿಡಿಯುತ್ತಾಳೆ. ನಾನು ಚೌಕಾಸಿ ಮಾಡುವುದಿಲ್ಲ.