ಹೆಸ್ಟರ್ ಕೋಬರ್ನ್ ತೆಗೆದ ತಕರಾರು

ಹೆಸ್ಟರ್ ಕೋಬರ್ನ್ ಹುಟ್ಟಿದ್ದು, ಮದುವೆಯಾಗಿದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲವೂ ವರ್ಮಾಂಟಿನ ನಾರ್ತ್ ಹೇಲ್ ಎಂಬ ಒಂದೇ ಊರಿನಲ್ಲಿ. ಎಪ್ಪತ್ತು ದಾಟಿದರೂ, ಮಾರ್ಚಿನಲ್ಲಿ ಹಿಮ ಕರಗತೊಡಗಿದರೆ ಅವಳು ಮನೆಯಲ್ಲಿ ನಿಲ್ಲುವವಳಲ್ಲ. ಬೆಟ್ಟದ ದಾರಿಯ ಮೇಪಲ್ ಮರಗಳಿಗೆ ಕೊಳವೆ ಬಡಿದು, ಬಕೆಟ್ ತೂಗುಹಾಕಿ, ರಸ ಇಳಿಸಿ ಪಾಕ ಕಾಯಿಸುವುದು ಅವಳ ಅಪ್ಪನ ಕಾಲದಿಂದ ಬಂದ ಕೆಲಸ. ಮರಗಳು ಮಾತ್ರ ಪ್ರೊಫೆಸರ್ ಲೇಥಮರ ಜಮೀನಿನವು.

ಲೇಥಮ್ ದೊಡ್ಡ ಚಿಂತಕರು. ಸರ್ಕಾರದ ಕಾನೂನಿಗಿಂತ ನೆರೆಹೊರೆಯ ರೂಢಿ ದೊಡ್ಡದು ಎಂದು ಪುಸ್ತಕದ ಮೇಲೆ ಪುಸ್ತಕ ಬರೆದವರು. ವಾಷಿಂಗ್ಟನ್ನಿನ ಸಂಪ್ರದಾಯವಾದಿಗಳು ಅವರ ಹೆಸರೆತ್ತದೆ ಭಾಷಣ ಮುಗಿಸುತ್ತಿರಲಿಲ್ಲ. ಹೆಸ್ಟರ್ ಆ ಪುಸ್ತಕಗಳನ್ನು ಓದಿದವಳಲ್ಲ. ಅವರ ಅಡುಗೆಮನೆಯಲ್ಲಿ ಕಾಫಿ ಕುಡಿದವಳು, ಅವರಂತೆಯೇ ತಪ್ಪದೆ ರಿಪಬ್ಲಿಕನ್ನರಿಗೆ ಮತ ಹಾಕಿದವಳು. ಒಮ್ಮೆ ಕೇಳಿಯೂ ಇದ್ದಳು.

"ಪ್ರೊಫೆಸರೇ, ಈ ಮರಗಳ ವಿಷಯ ಒಂದು ಕಾಗದದಲ್ಲಿ ಬರ್ದಿಡಿ. ನಾಳೆ ನೀವಿಲ್ದೇ ಹೋದ್ರೆ?"

"ರೂಢಿಗೆ ಕಾಗದ ಯಾಕೆ ಹೆಸ್ಟರ್? ಊರಿಗೆ ಊರೇ ಸಾಕ್ಷಿ ಇದೆಯಲ್ಲ" ಎಂದು ಅವರು ನಕ್ಕಿದ್ದರು.

ಅವರು ಕಣ್ಣು ಮುಚ್ಚಿದರು. ಮಕ್ಕಳಿಲ್ಲದ್ದರಿಂದ ಮನೆ, ಜಮೀನು ಅವರ ಹೆಸರಿನ ಸಂಸ್ಥೆಯ ಪಾಲಾಯಿತು. ಬ್ರೆಂಟ್ ಕಾಲ್ಡರ್ ಎಂಬವನು ವಾಷಿಂಗ್ಟನ್ನಿನಲ್ಲಿ ಕೂತೇ ಅದರ ನಿರ್ದೇಶಕನಾದ. ಪ್ರೊಫೆಸರರ ನೆನಪಿನ ಸಮ್ಮೇಳನಕ್ಕೆ ಬರುವ ಬಸ್ಸುಗಳು ನಿಲ್ಲಲು ಮೇಪಲ್ ಮರಗಳನ್ನು ಕಡಿಸಬೇಕೆಂದ. ಆ ಸಲದ ಸಮ್ಮೇಳನದ ವಿಷಯ, ‘ನಮ್ಮ ಬೇರುಗಳನ್ನು ಉಳಿಸಿಕೊಳ್ಳುವುದು ಹೇಗೆ’. ಬೇರಿನ ಮೇಲೆ ಭಾಷಣ ಮಾಡಲು ಮರ ಕಡಿಸುವವರ ಬುದ್ಧಿಗೆ ಏನು ಹೇಳೋಣ!

ಬಸ್ಸು ನಿಲ್ಲಿಸುವ ಜಾಗಕ್ಕೆ ಊರಿನ ಒಪ್ಪಿಗೆ ಬೇಕಿತ್ತು. ಮಾರ್ಚಿನ ಊರ ಸಭೆಗೆ ಎಲ್ಲರೂ ಸೇರಿದರು. ಕಾಲ್ಡರ್ ಗೋಡೆ ಬದಿಯ ಬೆಂಚಿನಲ್ಲಿ ಕೂತಿದ್ದ, ಹೊರಗಿನವರ ಜಾಗ ಅದು. ಸಭೆ ಒಪ್ಪಿದರೆ ಮಾತ್ರ ಅವರು ಬಾಯಿ ತೆರೆಯಬಹುದು; ಒಬ್ಬರು ತಕರಾರು ತೆಗೆದರೂ ಕೈ ಎತ್ತಿಸಿ ಕೇಳಬೇಕು.

"ಇವರು ಮಾತಾಡೋಕೆ ಯಾರದಾದ್ರೂ ತಕರಾರಿದೆಯಾ?" ಎಂದು ಸಭೆ ನಡೆಸುತ್ತಿದ್ದ ಆಲ್ಡೆನ್ ಕೇಳಿದ. ಅವನು ಹೆಸ್ಟರಳ ಗಂಡನ ತಮ್ಮ.

ಪಕ್ಕದಲ್ಲಿದ್ದ ಗೆಳತಿ ಡಾಟ್ ಹೆಸ್ಟರಳನ್ನು ತಿವಿದಳು. "ಏಳೇ, ತಕರಾರು ತೆಗಿ. ಅವನ ಬಾಯಿಗೆ ಬೀಗ ಬೀಳ್ಲಿ."

"ಬಂದೋರ ಬಾಯಿ ಮುಚ್ಚಿಸೋದು ನಮ್ಮೂರ ಪದ್ಧತಿ ಅಲ್ಲ ಕಣೆ" ಎಂದಳು ಹೆಸ್ಟರ್.

ಆ ಮರ್ಯಾದೆಗೆ ಸಿಕ್ಕ ಬೆಲೆ ನೋಡಿ. ಕಾಲ್ಡರ್ ಎದ್ದವನೇ ಪ್ರೊಫೆಸರರ ಪುಸ್ತಕವನ್ನೇ ಬಿಚ್ಚಿ, ಒಡೆತನಕ್ಕೆ ಬೆಲೆ ಇಲ್ಲದ ಕಡೆ ಸ್ವಾತಂತ್ರ್ಯ ಉಳಿಯದು ಎಂಬ ಸಾಲು ಓದಿದ. ಊರಿಗೆ ಬೆಂಕಿ ಆರಿಸುವ ಹೊಸ ಗಾಡಿಯೊಂದನ್ನು ಸಂಸ್ಥೆ ಕೊಡಿಸುತ್ತದೆ ಎಂದ. ಕೊನೆಗೆ ಹೆಸ್ಟರಳ ಕಡೆ ತಿರುಗಿ ಮೆಲ್ಲಗೆ ಕೇಳಿದ.

"ಮಿಸೆಸ್ ಕೋಬರ್ನ್, ಆ ಮರಗಳ ಮೇಲೆ ನಿಮಗೆ ಹಕ್ಕಿದೆ ಅನ್ನೋಕೆ ಏನಾದ್ರೂ ಕಾಗದ ಇದೆಯಾ?"

"ಇಲ್ಲ" ಎಂದು ಅವಳು ಎದ್ದು ನಿಂತಳು. "ಇವರೆಲ್ಲ ಇದ್ದಾರೆ. ಕೇಳಿ ನೋಡಿ."

ವರ್ಷವರ್ಷವೂ ಅವಳ ಪಾಕವನ್ನು ಪ್ಯಾನ್‌ಕೇಕಿನ ಮೇಲೆ ಸುರಿದುಕೊಂಡು ತಿಂದ ಜನ ತಮ್ಮ ತಮ್ಮ ಬೂಟು ನೋಡಿಕೊಂಡರು. ಹೌದು, ಅವಳ ಅಪ್ಪನ ಕಾಲದಿಂದ ನೋಡಿದ್ದೇವೆ ಎಂದು ಒಂದು ಮಾತು ಆಡಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಆಲ್ಡೆನ್ ಮತಕ್ಕೆ ಹಾಕಿದ. ಮರ ಕಡಿಯಲು ಕೈಗಳು ಒಂದೊಂದಾಗಿ ಎದ್ದವು. ಬೇಡವೆಂದು ಎದ್ದ ಕೈ ಹೆಸ್ಟರಳದು, ಡಾಟಳದು, ಇನ್ನು ನಾಲ್ಕೈದು.

ಕಾಲ್ಡರ್ ಮತ್ತೆ ಎದ್ದು ನಿಂತ, ವಂದನೆ ಹೇಳಬೇಕಂತೆ.

"ಯಾರದಾದ್ರೂ ತಕರಾರಿದೆಯಾ?" ಆಲ್ಡೆನ್ ತಲೆ ಎತ್ತದೆಯೇ ಕೇಳಿದ.

"ನಂದಿದೆ" ಎಂದಳು ಹೆಸ್ಟರ್.

"ಹೆಸ್ಟರ್, ಎಲ್ಲಾ ಮುಗೀತಲ್ಲ. ಬರೀ ಒಂದು ಥ್ಯಾಂಕ್ಸ್ ಹೇಳ್ತಾರಷ್ಟೆ."

"ತಕರಾರು ಅಂದ್ರೆ ತಕರಾರು. ಕೈ ಎತ್ತಿಸು."

ಕಾಲ್ಡರ್ ಮಾತಾಡಲಿ ಎಂದು ಒಂದು ಕೈಯೂ ಮೇಲೇಳಲಿಲ್ಲ. ಅವನು ಪುಸ್ತಕ ಹಿಡಿದುಕೊಂಡೇ ಕೂತ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಅದು ಸಭೆಯುದ್ದಕ್ಕೂ ಹಬ್ಬಿತು. ಹೆಸ್ಟರಳ ಮೈ ಉರಿದುಹೋಯಿತು.

"ನಿಲ್ಸಿ" ಎಂದಳು. "ಮರ ಬಿಟ್ಟುಕೊಟ್ಟ ಕೈಲೇ ಈಗ ಚಪ್ಪಾಳೆನಾ? ಅವನ ಮೇಲೆ ನಂಗೆ ಸಿಟ್ಟಿಲ್ಲ, ಅವನು ಹೊರಗಿನೋನು. ರೂಢಿನೇ ದೊಡ್ಡದು ಅಂತ ಪ್ರೊಫೆಸರ್ ಅಷ್ಟೊಂದು ಪುಸ್ತಕ ಬರೆದದ್ದು ನಿಮ್ಮನ್ನ ನಂಬಿ."