ಬೆಂಕಿಯ ಚಿತ್ರ ಅಂಟಿಸದ ಕಸ್ಮಾದಿ

ತೆಗಾಲ್ ಬಂದರಿನ ಹಿಂದಿನ ಓಣಿಗಳಲ್ಲಿ ಫ್ರಿಜ್ ಕೆಟ್ಟರೆ ಮೊದಲು ಬಾಯಿಗೆ ಬರುತ್ತಿದ್ದ ಹೆಸರು ಕಸ್ಮಾದಿಯದು. ಹಳೆಯ ಗ್ಯಾಸು ಸೋರಿದರೆ ಭೂಮಿಯನ್ನೇ ಕಾಯಿಸುತ್ತದೆ ಎಂದು ತರಬೇತಿಯಲ್ಲಿ ಕೇಳಿ ಬಂದವನೇ, ಅದನ್ನು ಬಿಟ್ಟು ಹೊಸ ಗ್ಯಾಸಿಗೆ ಕೈಹಾಕಿದ. ಅಡುಗೆ ಅನಿಲದ ಜಾತಿಯದೇ ಅದು. ಹಳೆಯದರ ಅರ್ಧಕ್ಕಿಂತ ಕಡಿಮೆ ತುಂಬಿದರೂ ಸಾಕು, ಐಸು ಗಟ್ಟಿ, ಕರೆಂಟು ಬಿಲ್ಲೂ ಇಳಿಕೆ. ಮನುಷ್ಯ ಸ್ವಲ್ಪ ಜಂಬದವನು, ಇರಲಿ ಬಿಡಿ, ಕೆಲಸ ಗೊತ್ತಿತ್ತು.

ಆದರೆ ಆ ಗ್ಯಾಸು ಹೊತ್ತಿಕೊಳ್ಳುತ್ತದೆ. ಅದಕ್ಕೇ ತುಂಬಿದ ಪ್ರತಿ ಫ್ರಿಜ್ಜಿನ ಹಿಂಬದಿಗೆ ಬೆಂಕಿಯ ಚಿತ್ರವಿರುವ ಹಳದಿ ಚೀಟಿ ಅಂಟಿಸಬೇಕು, ಮುಂದೆ ರಿಪೇರಿಗೆ ಬಂದವನು ನೋಡಿ ಎಚ್ಚರವಾಗಲಿ ಎಂದು. ಒಮ್ಮೆ ಒಬ್ಬ ಮನೆಯೊಡತಿ ಆ ಚಿತ್ರ ಕಂಡು, "ಅಯ್ಯಯ್ಯೋ, ನನ್ನ ಅಡುಗೆಮನೇಲಿ ಬಾಂಬ್ ಇಟ್ಟು ಹೋಗ್ತೀಯೇನಪ್ಪಾ?" ಎಂದು ರಂಪ ಮಾಡಿ ಅವನನ್ನು ಓಡಿಸಿದಳು. ಅಂದಿನಿಂದ ಚೀಟಿಗಳು ಪೆಟ್ಟಿಗೆಯ ತಳ ಸೇರಿದವು. ಕೇಳಿದವರಿಗೆ "ಒಳ್ಳೇ ಗ್ಯಾಸ್ ಹಾಕಿದೀನಿ" ಎಂದಷ್ಟೇ ಹೇಳುತ್ತಿದ್ದ. ಗಿರಾಕಿ ಕೈತಪ್ಪಿ ಹೋದಾರು ಎಂಬ ಭಯ, ಬೇರೇನೂ ಅಲ್ಲ.

ಮೀನುಂಡೆ ಮಾರುವ ಬು ತುಮಿರಾ, ಅಂದರೆ ತುಮಿರಮ್ಮನ, ಫ್ರೀಜರಿಗೂ ಅವನೇ ಚೀಟಿಯಿಲ್ಲದೆ ಹೊಸ ಗ್ಯಾಸು ತುಂಬಿದ್ದ. ಅದು ಸೋರಿದಾಗ ಕಸ್ಮಾದಿ ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋಗಿದ್ದ. ಪಕ್ಕದ ಓಣಿಯ ರಸ್ಮಾದ್ ರಿಪೇರಿಗೆ ಬಂದ. ಹಳೆಯ ಗ್ಯಾಸೇ ಇರುತ್ತದೆಂದುಕೊಂಡು, ರೂಢಿಯಂತೆ ಬೆಸುಗೆಯ ಬೆಂಕಿ ಹಚ್ಚಿ ಪೈಪಿಗೆ ಹಿಡಿದ. ಭಗ್ಗೆಂದಿತು. ಜೀವ ಉಳಿಯಿತು, ಬಲಗೈಯ ಬೆರಳುಗಳು ಮುದುಡಿಕೊಂಡವು, ಗದ್ದದ ಚರ್ಮ ಸುಕ್ಕಾಯಿತು.

ಓಣಿಯ ಬಾಯಿ ಕೇಳಬೇಕೆ? "ಕೈಲಾಗದವನಿಗೆ ಯಾಕೆ ಬೇಕಿತ್ತು?" "ಕಸ್ಮಾದಿ ಮಾಡಿಟ್ಟಿದ್ದನ್ನ ಇವನು ಸುಟ್ಟ." ಗಾಯ ಮಾಯ್ದರೂ ರಸ್ಮಾದನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಚಹಾ ಅಂಗಡಿಯಲ್ಲಿ ಈ ಮಾತು ಎದ್ದಾಗಲೆಲ್ಲ ಕಸ್ಮಾದಿ ಲೋಟದೊಳಗೇ ಮುಖ ಹುದುಗಿಸುತ್ತಿದ್ದ. ಬಾಯಿಬಿಟ್ಟು ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಆಡಲಿಲ್ಲ, ಹೇಡಿ.

ಉಪವಾಸದ ತಿಂಗಳು ಮುಗಿದು ಹಬ್ಬ ಬಂತು. ಅವತ್ತು ನಮ್ಮಲ್ಲಿ ಮನೆಮನೆಗೆ ಹೋಗಿ, ಕೈಹಿಡಿದು, ಮನಸ್ಸಿನ ಒಳಗಿನದು, ಹೊರಗೆ ಮಾಡಿದ್ದು ಎಲ್ಲ ತಪ್ಪನ್ನೂ ಮನ್ನಿಸಿ ಎನ್ನಬೇಕು. ಎದುರಿನವರೂ ಹಾಗೇ ಅನ್ನಬೇಕು. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ. ಕಸ್ಮಾದಿ ಇದನ್ನೇ ಕಾದಿದ್ದ. ಎಲ್ಲರ ತಪ್ಪುಗಳ ನಡುವೆ ತನ್ನದೂ ಒಂದು ತೊಳೆದುಹೋಗಲಿ ಎಂದು ರಸ್ಮಾದನ ಮನೆಗೆ ಹೋಗಿ, ಆ ಮುದುಡಿದ ಕೈ ಹಿಡಿದು, ಒಂದೇ ಉಸಿರಿಗೆ ಅಂದ: "ಒಳಗೂ ಹೊರಗೂ ಏನೇ ತಪ್ಪಿದ್ರೂ ಮನ್ನಿಸಪ್ಪಾ."

"ಮನ್ನಿಸ್ದೆ ಕಾಂಗ್. ನೀವು ಹಿರಿಯಣ್ಣ, ನೀವೂ ನನ್ನ ಮನ್ನಿಸ್ಬೇಕು," ಎಂದ ರಸ್ಮಾದ್. ಅವನ ಕಣ್ಣಲ್ಲಿ ನೀರು. "ನೀವು ಅಷ್ಟು ಚೆನ್ನಾಗಿ ಮಾಡಿಟ್ಟಿದ್ದ ಮಷೀನು, ನಾನು ಹಾಳು ಮಾಡ್ದೆ. ನನ್ನ ಬೆಸುಗೆ ಸಿಲಿಂಡರಿನ ಪೈಪೇ ಸೋರ್ತಿತ್ತೋ ಏನೋ, ಇವತ್ತಿಗೂ ಗೊತ್ತಾಗ್ತಿಲ್ಲ."

ಕಸ್ಮಾದಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಬಿಟ್ಟಿ ಸಿಕ್ಕ ಕ್ಷಮೆ ಗಂಟಲಿನಿಂದ ಕೆಳಗಿಳಿಯಲಿಲ್ಲ.

"ನಿಂದೇನೂ ತಪ್ಪಿಲ್ಲ ಕಣೋ," ಎಂದ. "ಒಳಗಿದ್ದಿದ್ದು ಹೊತ್ಕೊಳ್ಳೋ ಗ್ಯಾಸು. ಚೀಟಿ ನಾನೇ ಅಂಟಿಸ್ಲಿಲ್ಲ. ಗಿರಾಕಿಗಳು ಹೆದರ್ತಾರೆ ಅಂತ."

ರಸ್ಮಾದ್ ಕೈ ಎಳೆದುಕೊಂಡ. ಆಮೇಲೆ ಹೇಳಿದ: "ಮನ್ನಿಸ್ದೆ ಅಂತ ಅಂದಾಗಿದೆ. ಹಬ್ಬದ ದಿನ ಅಂದಿದ್ದನ್ನ ವಾಪಸ್ ತಗೊಳ್ಳಲ್ಲ. ಆದ್ರೆ ನನ್ನ ಕೈಲಾಗದವನು ಅಂದಿದ್ದು ಈ ನಾಲ್ಕು ಗೋಡೆ ಅಲ್ಲ ಕಾಂಗ್, ಇಡೀ ಓಣಿ. ಅಲ್ಲಿ ಹೋಗಿ ಹೇಳಿ."

ಹೋದ. ಬು ತುಮಿರಾಳ ನಡುಮನೆಯಲ್ಲಿ ನೆಂಟರಿಷ್ಟರು ತುಂಬಿದ್ದರು. ಅವಳು ನಗುತ್ತ ಕೈಚಾಚಿದಳು. ಅವನು ಕೈ ಕೊಡದೆ, ನಿಂತಲ್ಲೇ, ಎಲ್ಲರಿಗೂ ಕೇಳುವಂತೆ ನಡೆದದ್ದನ್ನು ಹೇಳಿದ. ಏನನ್ನೂ ನುಂಗಲಿಲ್ಲ. ಇನ್ನು ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ತುಮಿರಾ ಬೈಯಲಿಲ್ಲ. "ಅಯ್ಯೋ, ಆ ಪಾಪದವನಿಗೆ ನಾನೂ ಬಾಯಿಗೆ ಬಂದ ಹಾಗೆ ಅಂದೆನಲ್ಲಾ!" ಎಂದು ಎದ್ದಳು. ಚಪ್ಪಲಿ ಮೆಟ್ಟಿಕೊಂಡು ರಸ್ಮಾದನ ಮನೆಯ ಕಡೆ ಬಿರಬಿರನೆ ನಡೆದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಹೋದರು. ಯಾರೂ ಅವನ ಮುಖ ನೋಡಲಿಲ್ಲ. ಅರ್ಧ ಕುಡಿದಿಟ್ಟ ಲೋಟಗಳ ನಡುವೆ ಕಸ್ಮಾದಿ ಒಬ್ಬನೇ ನಿಂತಿದ್ದ. ಮುಂದಿನ ಮನೆಗೂ ಹೋಗಿ ಹೇಳಬೇಕಿತ್ತು.